ಮಂಡಿಗೊಂದು ಬಟನ್ನು

ಜನವರಿ 19, ಭಾನುವಾರ. ನಂಜನಗೂಡು

ಬೆಳಿಗ್ಗೆಯಿಂದ ಏಣಿ ಹತ್ತಿ ಇಳಿದು ಸೊಂಟ ಬಿತ್ತು. ಹೊಸ ಲೇಔಟಿನ ಮನೆ. ಲೈಟು, ಫ್ಯಾನು, ಪರದೆ, ಗೇಟು — ಎಲ್ಲಾ ಒಂದೇ ರಿಮೋಟಿಗೆ ಸೇರಿಸಿಯಾಯಿತು. ಪಕ್ಕದ ಮನೆಯವರು ಬಂದು ಕೇಳಿದರು, "ನೀವೊಬ್ರೇನಾ? ಕೆಲಸದೋರು ಇನ್ನೂ ಬಂದಿಲ್ವಾ?" ನಾನೇ ಕೆಲಸದೋಳು ಅಂದೆ. ಏಣಿಯನ್ನೊಮ್ಮೆ ನೋಡಿ ಹೋದರು.

ಎಲ್ಲ ಮುಗಿದ ಮೇಲೆ ಮನೆಯೊಡತಿ ನಂದಿತಾ ಮೇಡಂ ಒಂದು ಹುಳ ಬಿಟ್ಟರು. "ಎಲ್ಲಾ ಚೆನ್ನಾಗಿದೆ ಕೋಮಲ. ಸಿನಿಮಾ ನಿಲ್ಲಿಸೋಕೆ ಮಾತ್ರ ಎದ್ದು ಕಂಪ್ಯೂಟರ್ ಹತ್ರ ಹೋಗ್ಬೇಕಲ್ಲ?"

ಅವರದು ಟಿವಿಗೆ ಕಂಪ್ಯೂಟರ್ ಕಟ್ಟಿದ ಮನೆ. ಹಾಡು, ಸಿನಿಮಾ ಎಲ್ಲ ಅದರೊಳಗಿನ ಪ್ಲೇಯರ್ ಸಾಫ್ಟ್‌ವೇರಿನಲ್ಲಿ. ಆ ಪ್ಲೇಯರಿಗೆ ಲೈಟಿನ ರಿಮೋಟಿನ ಭಾಷೆ ಗೊತ್ತಿಲ್ಲ. ರಿಮೋಟಿಗೆ ಪ್ಲೇಯರ್ ಅಂತ ಒಂದಿದೆ ಎನ್ನುವುದೇ ಗೊತ್ತಿಲ್ಲ. ಆಗಲ್ಲ ಅಂದುಬಿಡಬಹುದಿತ್ತು. ಬಾಯಿಗೆ ಬಂದದ್ದು — "ಮಾಡ್ಕೊಡ್ತೀನಿ ಮೇಡಂ."

ಯಾಕೆ ಹಾಗಂದೆನೋ.

ಜನವರಿ 24, ಶುಕ್ರವಾರ

ಬಂತು! ಬಟನ್ ಒತ್ತಿದೆ. ಸಿನಿಮಾ ನಿಂತಿತು, ಲೈಟು ತಾನಾಗಿ ಹತ್ತಿತು. ಮತ್ತೆ ಒತ್ತಿದೆ. ಲೈಟು ಆರಿತು, ಸಿನಿಮಾ ಬಿಟ್ಟಲ್ಲಿಂದ ಶುರು. ನಂದಿತಾ ಮೇಡಂ ಸೋಫಾದಲ್ಲಿ ಕೂತು ಮಗುವಿನ ಹಾಗೆ ಒತ್ತಿದ್ದೇ ಒತ್ತಿದ್ದು.

ಮಾಡಿದ್ದು ಇಷ್ಟೇ — ರಿಮೋಟಿಗೂ ಪ್ಲೇಯರಿಗೂ ನಡುವೆ ನಿಂತು ಇವನ ಮಾತು ಅವನಿಗೆ ಹೇಳುವ ಒಂದು ಪುಟ್ಟ ಪ್ರೋಗ್ರಾಂ. ಆ ಪ್ಲೇಯರಿನ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಅದೇ ಪುಣ್ಯ. ಬಿಸಿಎ ಓದಿದ್ದಕ್ಕೆ ಇವತ್ತು ಮೊದಲ ಸಲ ಲೆಕ್ಕ ಸಿಕ್ಕಿತು. ಇಷ್ಟು ದಿನ ಓದಿದ್ದೊಂದು, ಡ್ರಿಲ್ ಹಿಡಿದದ್ದೊಂದು.

ಅಪ್ಪನಿಗೆ ಹೇಳಬೇಕೆನಿಸಿ ನರಸೀಪುರಕ್ಕೆ ಫೋನು ಮಾಡಿದೆ. ಆದರೆ ಅಪ್ಪ ಫೋನಿನಲ್ಲಿ ಮಾತಾಡುವಂತಿಲ್ಲ. ಹೋದ ವರ್ಷ ಗಂಟಲಿನ ಗಡ್ಡೆ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಇರುವುದು ಉಸಿರಿನಷ್ಟು ಪಿಸುಮಾತು, ಅದು ಫೋನಿಗೆ ಹತ್ತುವುದಿಲ್ಲ. ಅವ್ವನೇ ನಡುವೆ ನಿಂತು ಅತ್ತ ಹೇಳಿ ಇತ್ತ ಹೇಳಿದಳು. "ಒಳ್ಳೇದಾಯ್ತು ಅಂತಾವ್ರೆ ನಿಮ್ಮಪ್ಪ." ಅಷ್ಟೇ. ಅಪ್ಪ ಇನ್ನೂ ಏನೋ ಅಂದಿರುತ್ತಾನೆ. ಅವ್ವ ಯಾವಾಗಲೂ ಅರ್ಧ ನುಂಗುತ್ತಾಳೆ.

ಜನವರಿ 26, ಭಾನುವಾರ. ತಿ. ನರಸೀಪುರ

ಮನಸ್ಸು ಸರಿಯಿಲ್ಲ.

ಸುತ್ತೂರಿನ ಮೇಲೆ ಸ್ಕೂಟರಿನಲ್ಲಿ ಬಂದೆ. ಬಂದು ಕಾಫಿ ಕುಡಿಯುವಷ್ಟರಲ್ಲಿ ಹೆಡತಲೆಯ ನಿಂಗರಾಜಣ್ಣ ಬಂದರು. ಅಲ್ಲಿನ ನಾಟಕದ ತಂಡಕ್ಕೆ ಅವರೇ ಯಜಮಾನ. ನಾನು ಹುಟ್ಟುವ ಮೊದಲಿನಿಂದ ಅಪ್ಪ ಆ ಊರಿಗೆ ನಾಟಕದ ಮೇಷ್ಟ್ರು. ಹಾರ್ಮೋನಿಯಂ ಹಿಡಿದು ಒಂದೊಂದೇ ಸಾಲು ಹಾಡಿ, ಉಳುವವರಿಗೆ, ಹಾಲು ಹಾಕುವವರಿಗೆ ರಾಜನ ಪಾರ್ಟು, ಮಂತ್ರಿಯ ಪಾರ್ಟು ಕಲಿಸಿದವನು. ಸಿದ್ದರಾಜು ಮೇಷ್ಟ್ರು ಅಂದರೆ ಈ ಎರಡು ತಾಲ್ಲೂಕಿನಲ್ಲಿ ಗೊತ್ತಿಲ್ಲದವರಿಲ್ಲ. ಹಾಡುಗಳ ಮಟ್ಟುಗಳೂ ಅಪ್ಪ ಕಟ್ಟಿದವೇ.

ನಿಂಗರಾಜಣ್ಣ ಕುರ್ಚಿಯ ತುದಿಯಲ್ಲಿ ಕೂತರು. "ತಪ್ಪು ತಿಳ್ಕಬ್ಯಾಡಿ ಮೇಷ್ಟ್ರೇ. ಈ ಯುಗಾದಿ ನಾಟ್ಕಕ್ಕೆ ಬ್ಯಾರೆಯವ್ರನ್ನ ಕರೆಸವಾ ಅಂತಾವ್ರೆ ಊರೋರು. ನೀವು ಮುಂದ್ಗಡೆ ಕುರ್ಚೀಲಿ ಕೂತ್ಕಳಿ. ಶಾಲು ಆಕ್ತೀವಿ, ಆರ ಆಕ್ತೀವಿ. ಮರ್ಯಾದೆ ಕಮ್ಮಿ ಮಾಡಾಕಿಲ್ಲ."

ಅಪ್ಪ ಮುಂದೆ ಬಾಗಿ ಪಿಸುಗುಟ್ಟಿದ. "ಆಡು ಯಾರ್ವು?"

"ನಿಮ್ಮವೇ ಮೇಷ್ಟ್ರೇ. ಮಟ್ಟೆಲ್ಲಾ ನಿಮ್ದೇ."

"ಬರೋ ಮೇಷ್ಟ್ರಿಗೆ ಅವನ್ನ ಕಲ್ಸೋರು ಯಾರು?"

ನಿಂಗರಾಜಣ್ಣ ಲೋಟ ಎತ್ತಿಕೊಂಡರು. ಕಾಫಿ ಕುಡಿದು, ಬತ್ತೀನಿ ಅಂದು ಹೋದರು. ಕೆಟ್ಟವರಲ್ಲ. ಮುಖ ಬಾಡಿತ್ತು ಪಾಪ.

ಅಪ್ಪ ಊಟಕ್ಕೆ ಏಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದಾನೆ. ನಿದ್ದೆ ಬಂದಿಲ್ಲ ಅಂತ ಬೆನ್ನು ನೋಡಿದರೇ ಗೊತ್ತಾಗುತ್ತದೆ.

ಫೆಬ್ರವರಿ 2, ಭಾನುವಾರ. ತಿ. ನರಸೀಪುರ

ಜಗಳ ಆಯಿತು.

ಅಟ್ಟದ ಟ್ರಂಕಿನಲ್ಲಿ ಅಪ್ಪನ ಕ್ಯಾಸೆಟ್ಟುಗಳಿವೆ. ಪಾಠ ಮಾಡುವಾಗ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಬಿಟ್ಟುಕೊಂಡೇ ಕೂರುತ್ತಿದ್ದ. ಹೋದ ವಾರವೇ ಅವ್ವನ ಕೈಲಿ ಇಳಿಸಿಕೊಂಡು ಹೋಗಿ, ಕೆಲವನ್ನು ಲ್ಯಾಪ್‌ಟಾಪಿಗೆ ಹಾಕಿದ್ದೆ. ಇವತ್ತು ತಂದು ಸ್ಪೀಕರಿಗೆ ಕೊಟ್ಟು, ರಿಮೋಟು ಒತ್ತಿ ತೋರಿಸಿದೆ. "ನೋಡಪ್ಪ, ನೀನು ಕೂತಲ್ಲೇ ಕೂತ್ಕೊಂಡು ಒಂದು ಸಾಲು ಹಾಡಿಸಬಹುದು, ನಿಲ್ಲಿಸಬಹುದು, ಹುಡುಗರ ಕೈಲಿ ಹೇಳಿಸಬಹುದು. ಬೇಕು ಅಂದ್ರೆ ಹಿಂದಕ್ಕೆ."

ಅಪ್ಪನ ಹಳೆಯ ದನಿ ನಡುಮನೆ ತುಂಬಿತು. ಎಂಥ ದನಿ ಅದು! ಮರೆತೇಹೋಗಿತ್ತು ನನಗೆ.

ಅಪ್ಪ ಎದ್ದು ಬಂದು ಸ್ಪೀಕರಿನ ವೈರು ಕಿತ್ತ. "ನಾನಿನ್ನೂ ಬದ್ಕಿವ್ನಿ ಕಣವ್ವ. ಈಗ್ಲೇ ಫೋಟೋಗೆ ಆರ ಆಕ್ತಿಯಾ?"

ಪಿಸುಮಾತಾದರೂ ಗದರಿಕೆ ಗದರಿಕೆಯೇ. ನನಗೂ ಸಿಟ್ಟು ಬಂತು. "ಹಾರ್ಮೋನಿಯಂನಲ್ಲೇ ಕಲಿಸು ಹಾಗಾದ್ರೆ."

"ಆರ್ಮೋನಿಯಂ ರಾಗ ಏಳ್ತದೆ. ಮಾತೆಲ್ಲಿ ಕಡೀಬೇಕು ಅಂತ ಏಳ್ತದಾ?"

ಕೇಳಿ, ಹೋಗಿ ಮಂಚದ ಮೇಲೆ ಕೂತ. ಲ್ಯಾಪ್‌ಟಾಪು, ಸ್ಪೀಕರು, ರಿಮೋಟು ಎಲ್ಲ ಅವನ ಮಂಚದ ಪಕ್ಕ ಇಟ್ಟು, ಹೇಗೆ ಹಾಕುವುದು ಅಂತ ಅವ್ವನಿಗೆ ಹೇಳುವ ಹಾಗೆ ಅವನಿಗೆ ಕೇಳಿಸಿ ಬಂದೆ. ಮುಟ್ಟದಿದ್ದರೆ ಇನ್ನೊಂದು ಸಲ ಬಂದಾಗ ತಗೊಂಡು ಹೋಗುತ್ತೇನೆ.

ಫೆಬ್ರವರಿ 11, ಮಂಗಳವಾರ. ನಂಜನಗೂಡು

ಭಾನುವಾರ ಕೆಲಸ ಬಿತ್ತು, ಊರಿಗೆ ಹೋಗಲಿಲ್ಲ. ಈಗ ನರಸೀಪುರದಲ್ಲಿ ಕುಂಭಮೇಳ, ರಸ್ತೆಯಲ್ಲಿ ಸ್ಕೂಟರು ನುಗ್ಗಿಸಲೂ ಜಾಗವಿಲ್ಲ.

ಅವ್ವನ ಫೋನು. ನಗು ತಡೆಯಲಾರದೆ ಮಾತಾಡಿದಳು. "ಸೊಪ್ಪು ತರಾಕೆ ಓಗಿದ್ದೆ ಕಣೆ. ಬಂದು ಬಾಗ್ಲು ತಗುದ್ರೆ ನಿಮ್ಮಪ್ಪನ ದನಿ! ಜೋರಾಗಿ! ಎದೆ ಧಸಕ್ ಅಂತು ನಂಗೆ. ನೋಡುದ್ರೆ ಮಂಚದ ಮ್ಯಾಲೆ ಕೂತ್ಕಂಡು ಆ ಡಬ್ಬಿ ಒತ್ತಾವ್ರೆ. ನನ್ನ ಕಂಡಿದ್ದೇ ತಡ, ಟವಲ್ ಮುಚ್ಚಿಬುಟ್ರು!"

ಫೆಬ್ರವರಿ 16, ಭಾನುವಾರ. ತಿ. ನರಸೀಪುರ

ಅಪ್ಪ ಬಾಗಿಲಲ್ಲೇ ಕಾದಿದ್ದ. ನೀರು ಕುಡಿಯಲೂ ಬಿಡಲಿಲ್ಲ.

"ನಿನ್ನ ಮಿಷನ್ಗೆ ತಾಳ ಇಲ್ಲ ಕಣವ್ವ."

ತೋರಿಸಿದ. ತೊಡೆಯ ಮೇಲೆ ತಾಳ ಹಾಕುತ್ತಾ ಬಟನ್ ಒತ್ತಿದ. ದನಿ ತಕ್ಷಣ ನಿಲ್ಲಲಿಲ್ಲ. ಒಂಚೂರು ಮುಂದೆ ಹೋಗಿ ನಿಂತಿತು. ಸಿನಿಮಾ ನೋಡುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಹಾಡಿನಲ್ಲಿ ಬಂತು. "ಒತ್ತಿದ್ದು ಇಲ್ಲಿ, ನಿಂತಿದ್ದು ಅಲ್ಲಿ. ಅಷ್ಟೊತ್ಗೆ ಕಲಿಯೋನು ಇನ್ನೊಂದು ಸಾಲ್ಗೆ ಓಗಿರ್ತಾನೆ."

ಇನ್ನೊಂದು ದೂರು — ಹಿಂದಕ್ಕೆ ಹೋಗುವ ಬಟನ್ ಎಲ್ಲೆಂದರಲ್ಲಿ ಹೋಗಿ ನಿಲ್ಲುತ್ತದೆ. ಸಾಲಿನ ನಡುವೆ, ಪದದ ನಡುವೆ. "ಆಡು ಮಧ್ಯದಿಂದ ಸುರುವಾಗಾಕಿಲ್ಲ. ಉಸ್ರಿಂದ ಸುರುವಾಯ್ತದೆ."

ಬೇಜಾರಾಗಲಿಲ್ಲ ನನಗೆ. ಒಳಗೊಳಗೇ ಕುಣಿಯುತ್ತಿದ್ದೆ. ಬೇಡ ಅನ್ನುವವನು ಇಷ್ಟು ತಪ್ಪು ಹುಡುಕುವುದಿಲ್ಲ.

ಫೆಬ್ರವರಿ 20, ಗುರುವಾರ. ನಂಜನಗೂಡು

ಸಿಕ್ಕಿತು. ಲ್ಯಾಪ್‌ಟಾಪು ಜೊತೆಗೇ ತಂದು ನೋಡಿದೆ, ತಪ್ಪು ನನ್ನದೇ. ಒಂದು ಸಲ ಒತ್ತಿದರೆ ನಿಲ್ಲು, ಬೇಗ ಬೇಗ ಎರಡು ಸಲ ಒತ್ತಿದರೆ ಮುಂದಕ್ಕೆ ಅಂತ ಬುದ್ಧಿವಂತಿಕೆ ಮಾಡಿದ್ದೆ. ಹಾಗಾಗಿ ಒಂದು ಸಲ ಒತ್ತಿದ ಮೇಲೆ, ಇನ್ನೊಂದು ಸಲ ಒತ್ತುತ್ತಾರೋ ಏನೋ ಅಂತ ಪ್ರೋಗ್ರಾಂ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತಿತ್ತು. ಕಾಯುವುದನ್ನು ಕಿತ್ತು ಹಾಕಿದೆ. ಒಂದು ಬಟನ್ನಿಗೆ ಒಂದೇ ಕೆಲಸ. ಈಗ ಒತ್ತಿದಲ್ಲಿ ನಿಲ್ಲುತ್ತದೆ, ಕತ್ತರಿಸಿದ ಹಾಗೆ.

ತಾಳ ಬಂತಪ್ಪ ನಿನ್ನ ಮಿಷನ್ಗೆ.

ಫೆಬ್ರವರಿ 26, ಬುಧವಾರ. ತಿ. ನರಸೀಪುರ

ಶಿವರಾತ್ರಿ. ರಜ. ಅವ್ವ ಉಪವಾಸ, ನಾನೂ ಅಪ್ಪನೂ ಅವಲಕ್ಕಿ.

ಇಡೀ ದಿನ ಇಬ್ಬರೂ ಕೂತು ಹಾಡುಗಳಿಗೆ ಗುರುತು ಹಾಕಿದೆವು. ಟೇಪು ಹಾಡುತ್ತಾ ಹೋಗುತ್ತದೆ, ಅಪ್ಪ ಉಸಿರು ಕೇಳಿಸಿದ ಕಡೆಯೆಲ್ಲ ಒತ್ತುತ್ತಾನೆ, ಪ್ರೋಗ್ರಾಂ ಆ ಜಾಗ ನೆನಪಿಟ್ಟುಕೊಳ್ಳುತ್ತದೆ. ಇನ್ನು ಮೇಲೆ ಹಿಂದಕ್ಕೆ ಅಂದರೆ ಸೀದಾ ಆ ಉಸಿರಿಗೇ. ನನಗೆ ಕೇಳಿಸದ ಉಸಿರೂ ಅವನಿಗೆ ಕೇಳಿಸುತ್ತಿತ್ತು. ಅವನದೇ ಅಲ್ಲವೇ.

ಆಮೇಲೆ ಹೊಸ ಕಷ್ಟ. ಅಪ್ಪನದು ಲೆಗ್ ಹಾರ್ಮೋನಿಯಂ. ಎರಡು ಕಾಲಲ್ಲೂ ತುಳಿಯಬೇಕು, ಎರಡು ಕೈಯೂ ಸ್ವರದ ಮನೆಗಳ ಮೇಲೆ. ರಿಮೋಟು ಒತ್ತಲು ಕೈ ಎತ್ತಿದರೆ ನಾದ ಕಡಿಯುತ್ತದೆ. ಇನ್ನೊಬ್ಬರ ಕೈಗೆ ಕೊಡೋಣ ಅಂದರೆ ಒಪ್ಪಲಿಲ್ಲ. "ಯಾವಾಗ ನಿಲ್ಲುಸ್ಬೇಕು ಅನ್ನೋದೇ ಮೇಷ್ಟ್ರ ಕೆಲ್ಸ."

ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅಪ್ಪ ತನ್ನ ಮಂಡಿ ತಟ್ಟಿ ತೋರಿಸಿದ.

ಆ ಹಾರ್ಮೋನಿಯಂನಲ್ಲಿ ಮಂಡಿಯಿಂದ ಪಕ್ಕಕ್ಕೆ ತಳ್ಳಿದರೆ ನಾದ ಏರುವ ಒಂದು ಮರದ ಪಟ್ಟಿ ಇದೆ. ಬಲಗಡೆ. ಅಪ್ಪನ ಮಂಡಿಗೆ ಆ ಅಭ್ಯಾಸ ಎಷ್ಟೋ ವರ್ಷದ್ದು. ನನ್ನ ಚೀಲದಲ್ಲಿ ಲೈಟಿಗೆ ಹಾಕುವ ಒಂಟಿ ಬಟನ್ನುಗಳಿದ್ದವು. ಬಿಸ್ಕತ್ತಿನಷ್ಟು ದೊಡ್ಡವು, ವೈರಿಲ್ಲ. ಪಟ್ಟಿಯ ಕೆಳಗೆ, ಮಂಡಿ ತಾಗುವಲ್ಲಿ ಒಂದು ಅಂಟಿಸಿದೆ — ಹಾಡು, ನಿಲ್ಲು. ಎಡಮಂಡಿಯ ಕಡೆ ಒಂದು — ಹಿಂದಿನ ಉಸಿರಿಗೆ.

ಅಪ್ಪ ತುಳಿದ. ನುಡಿಸಿದ. ಮಂಡಿ ಸರಿಯಿತು, ಹಳೆಯ ದನಿ ಹಾಡಿತು. ಮಂಡಿ ಸರಿಯಿತು, ನಿಂತಿತು. ಆ ಖಾಲಿಯಲ್ಲಿ ಅಪ್ಪನ ಬೆರಳುಗಳು ಅದೇ ಸಾಲನ್ನು ನುಡಿಸಿ ಉತ್ತರ ಕೊಟ್ಟವು. ತನ್ನ ದನಿಗೆ ತಾನೇ ಸಾಥ್.

ಒಳಗಿಂದ ಅವ್ವ ಕೂಗಿದಳು, "ಯಾರು ಬಂದವ್ರೆ?" ಯಾರೂ ಬಂದಿಲ್ಲ ಕಣವ್ವ. ಅಪ್ಪ ಬಂದವ್ನೆ.

ಮಾರ್ಚ್ 2, ಭಾನುವಾರ. ಹೆಡತಲೆಯಿಂದ ಬಂದು

ಹೇಗೆ ಬರೆಯಲಿ.

ನಿಂಗರಾಜಣ್ಣನಿಗೆ ನಾನೇ ಫೋನು ಮಾಡಿ, ಒಂದೇ ಒಂದು ಸಂಜೆ ಕೊಡಿ ಅಂದಿದ್ದೆ. ಒಪ್ಪಿದರು, ಅರೆಮನಸ್ಸಿನಲ್ಲಿ. ಊರಿನ ಸಮುದಾಯ ಭವನ. ಲಗೇಜ್ ಆಟೋದಲ್ಲಿ ಹಾರ್ಮೋನಿಯಂ. ಪಾರ್ಟುದಾರರೆಲ್ಲ ಗೋಡೆಗೊರಗಿ ಕೂತಿದ್ದರು. "ಇದೇನ್ಲಾ, ಮೇಷ್ಟ್ರು ರೇಡಿಯೋ ತಂದವ್ರೆ" ಅಂತ ಯಾರೋ ಅಂದರು. ಕೇಳಿಸಿತು. ಅಪ್ಪನಿಗೂ ಕೇಳಿಸಿತು.

ರಾಜನ ಪಾರ್ಟು ಈ ಸಲ ಮಾದು. ಟ್ರ್ಯಾಕ್ಟರ್ ಓಡಿಸುವವನು, ನನ್ನ ವಯಸ್ಸಿನವನೇ. ಮುಂದೆ ಬಂದು ನಿಂತ. ಅಪ್ಪ ಶ್ರುತಿ ಕೊಟ್ಟು ಮಂಡಿ ತಳ್ಳಿದ. ಮೊದಲ ಸಾಲು ಬಂತು, ನಿಂತಿತು. ಮಾದು ಹೇಳಿದ. ಅಪ್ಪ ತಲೆ ಅಲ್ಲಾಡಿಸಿದ, ಹಿಂದಕ್ಕೆ ಹೋದ. ಮತ್ತೆ ಅದೇ ಉಸಿರು, ಅದೇ ಸಾಲು. ಮಾದು ಮತ್ತೆ ಹೇಳಿದ. ಚೆನ್ನಾಗೇ ನಡೆಯುತ್ತಿತ್ತು.

ಮೂರನೆಯ ಸಾಲು ಮುಗಿದ ಕೂಡಲೇ ಸ್ಪೀಕರಿನಲ್ಲಿ ಅಪ್ಪನ ದನಿ ಗುಡುಗಿತು. "ಲೇ ಮಾದಪ್ಪ, ಬಾಯಿ ಬುಡ್ಲಾ! ಬಾಯೊಳ್ಗೆ ಮುದ್ದೆ ಮಡೀಕಂಡಿದ್ದೀಯಾ?"

ನನ್ನ ತಪ್ಪು. ಹಾಡಷ್ಟೇ ಬಿಟ್ಟು ಮಿಕ್ಕ ಮಾತು ಕತ್ತರಿಸಿದ್ದೆ ಅಂದುಕೊಂಡಿದ್ದೆ. ಇದೊಂದು ಉಳಿದಿತ್ತು.

ಯಾರೂ ನಗಲಿಲ್ಲ. ಮಾದಪ್ಪ ಅಂದರೆ ಮಾದುವಿನ ಅಪ್ಪ. ಹಿಂದೆ ಇದೇ ರಾಜನ ಪಾರ್ಟು ಅವರದು. ತೀರಿಕೊಂಡು ಬಹಳ ಕಾಲವಾಯಿತು. ಅಪ್ಪ ನಿಲ್ಲಿಸುವ ಮುಂಚೆ ಟೇಪು ಇನ್ನೊಂದಷ್ಟು ಹೋಯಿತು. ಬೇರೊಂದು ದನಿ, ಸಣ್ಣಗೆ, ನಾಚಿಕೊಂಡು — "ಆಯ್ತು ಮೇಷ್ಟ್ರೇ." ಆಮೇಲೆ ಅದೇ ದನಿ, ಬಾಯಿಬಿಟ್ಟು, ಆ ಸಾಲು ಹಾಡಿತು.

ಅಪ್ಪನ ಮಂಡಿ ಸರಿಯಿತು. ಟೇಪು ನಿಂತಿತು.

ಮಾದು ನೆಲ ನೋಡುತ್ತಾ ನಿಂತಿದ್ದ. "ಅದು ನಮ್ಮಪ್ಪ" ಅಂದ. ಯಾರಿಗೋ ಪರಿಚಯ ಮಾಡಿಕೊಡುವ ಹಾಗೆ. ಆಮೇಲೆ — "ಇನ್ನೊಂದ್ಸಲ ಆಕಿ ಮೇಷ್ಟ್ರೇ."

ಅಪ್ಪ ಎಡಮಂಡಿ ತಳ್ಳಿದ. ಸೀದಾ ಆ ಉಸಿರಿಗೆ. ಬೈಗುಳ, "ಆಯ್ತು ಮೇಷ್ಟ್ರೇ", ಆ ಸಾಲು. ಮತ್ತೊಂದು ಸಲ. ಮತ್ತೂ ಒಂದು ಸಲ. ಅಪ್ಪ ಬೇಸರಿಸಲಿಲ್ಲ. ಕೊನೆಗೆ ಮಾದು ತಲೆಯೆತ್ತಿ, ಬಾಯಿಬಿಟ್ಟು ಹಾಡಿದ. ಭವನದ ತಗಡು ಅದುರಿತು.

ನಿಂಗರಾಜಣ್ಣ ಎದ್ದು ಬಂದು ಹಾರ್ಮೋನಿಯಂ ಮೇಲೆ ಕೈಯಿಟ್ಟರು. "ನಾಳೆಯಿಂದ್ಲೇ ಬಂದ್ಬುಡಿ ಮೇಷ್ಟ್ರೇ. ಬ್ಯಾರೆಯವ್ರಿಗೆ ನಾನು ಏಳ್ಕತೀನಿ."

ಅಪ್ಪ ನನ್ನ ಕಡೆ ನೋಡಿದ. ಎಲ್ಲರ ಮುಂದೆ, ಬೆರಳು ತೋರಿಸಿ, ಆದಷ್ಟು ಗಟ್ಟಿಯಾಗಿ ಪಿಸುಗುಟ್ಟಿದ. "ನನ್ನ ಮಗಳು. ಇವ್ಳು ಮಾಡಿದ್ದು."

ಇಷ್ಟು ವರ್ಷದಲ್ಲಿ ಅವನು ನನ್ನ ಬಗ್ಗೆ ಹೊರಗಿನವರಿಗೆ ಹೇಳಿದ್ದು ಕೇಳಿರಲೇ ಇಲ್ಲ ನಾನು.

ಮಾರ್ಚ್ 6, ಗುರುವಾರ. ನಂಜನಗೂಡು

ಮೊನ್ನೆ ನರಸೀಪುರಕ್ಕೆ ಹೋಗಿದ್ದಾಗ ಅಪ್ಪ ಇನ್ನೊಂದು ಬಟನ್ ಕೇಳಿದ. ಬೈಯುವುದಕ್ಕೆ!

"ಬಯ್ದೇ ಇದ್ರೆ ಯಾವನೂ ಕಲಿಯಾಕಿಲ್ಲ ಕಣವ್ವ. ಪಿಸುಪಿಸು ಅಂತ ಬಯ್ದ್ರೆ ನಗ್ತಾರೆ."

ಕ್ಯಾಸೆಟ್ಟುಗಳಲ್ಲಿ ಬೈಗುಳಕ್ಕೇನು ಬರ. ಕತ್ತರಿಸಿ ಬೇರೆ ಬೇರೆ ಇಟ್ಟೆ. "ಶ್ರುತಿ ಎಲ್ಲಿ ಮಾರ್ಬುಟ್ಟು ಬಂದೆ?" "ತಾಳ ನಿನ್ನಪ್ಪನ ಮನೇದಾ?" "ಥೂ, ಕೂತ್ಕ ಓಗು." ಒತ್ತಿದಾಗಲೆಲ್ಲ ಒಂದೊಂದು ಬರುತ್ತದೆ, ಯಾವುದು ಅಂತ ಅಪ್ಪನಿಗೂ ಗೊತ್ತಿರುವುದಿಲ್ಲ. ಎಡಗೈ ಪಕ್ಕ ಅಂಟಿಸಿದ್ದೇನೆ. ಮೊದಲ ಏಟು ಬಿದ್ದದ್ದು ನಿಂಗರಾಜಣ್ಣನಿಗೇ. ಮಂತ್ರಿಯ ಪಾರ್ಟು ಅವರದು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರಂತೆ, ಬೈಸಿಕೊಂಡವರೂ.

ಮಾರ್ಚ್ 14, ಶುಕ್ರವಾರ

ನನ್ನ ಕೋಡನ್ನು ಪ್ಲೇಯರ್ ಮಾಡುವವರಿಗೆ ಕಳಿಸಿದ್ದೆ, ಬೇರೆಯವರಿಗೂ ಆಗಲಿ ಅಂತ. ಉತ್ತರ ಬಂದಿದೆ. ಎಲ್ಲಿಯವರೋ ಗೊತ್ತಿಲ್ಲ. ಚೆನ್ನಾಗಿದೆ, ಸೇರಿಸಿಕೊಳ್ಳುತ್ತೇವೆ, ಆದರೆ ಒಂದು ಪ್ರಶ್ನೆ — ಇದರಲ್ಲಿ ಒಂದು ಬಟನ್ನಿಗೆ ಎಡಮಂಡಿ ಅಂತ ಯಾಕೆ ಹೆಸರಿಟ್ಟಿದ್ದೀರಿ?

ಉದ್ದಕ್ಕೆ ಬರೆದೆ. ಹಾರ್ಮೋನಿಯಂ, ಅಪ್ಪ, ಎಲ್ಲ. ಆ ಹೆಸರು ಹಾಗೇ ಇರಲಿ ಅಂದರು. ಮಾಡಿದವರ ಪಟ್ಟಿಯಲ್ಲಿ ಹೆಸರು ಹೇಗೆ ಹಾಕಬೇಕು ಅಂತ ಕೇಳಿದರು. ಕೋಮಲ ಸಿದ್ದರಾಜು, ನಂಜನಗೂಡು. ಹಾಕಿದ್ದಾರೆ. ಕೆಲಸದ ನಡುವೆ ಏಣಿಯ ಮೇಲೆ ನಿಂತೇ ಫೋನು ತೆಗೆದು ಮತ್ತೆ ಮತ್ತೆ ನೋಡಿದೆ.

ಮಾರ್ಚ್ 28, ಶುಕ್ರವಾರ. ತಿ. ನರಸೀಪುರ

ನಾಡಿದ್ದು ಯುಗಾದಿ, ಅವತ್ತೇ ನಾಟಕ. ಸ್ಪೀಕರು ಎಲ್ಲಿಡಲಿ ಅಂತ ಕೇಳಿದೆ.

"ನಾಟ್ಕದ ದಿನ ಮಿಷನ್ ಬ್ಯಾಡ" ಅಂದ ಅಪ್ಪ. ಮೂರೂ ಬಟನ್ನುಗಳನ್ನು ಅವನೇ ಕಿತ್ತು ನನ್ನ ಕೈಲಿಟ್ಟ.

ಮುಖ ಸಣ್ಣದಾಗಿರಬೇಕು ನನ್ನದು. ಹೆಡತಲೆಯವರೆಲ್ಲ ನೋಡಲಿ ಅಂತ ಇತ್ತು, ಸುಳ್ಳು ಯಾಕೆ. ಅಪ್ಪ ನನ್ನ ಕೈ ಮುಚ್ಚಿಸಿದ. "ಕಲ್ತಿದ್ದು ಅವ್ರ ಗಂಟ್ಲಲ್ಲಿರ್ಬೇಕು ಮಗಾ. ಡಬ್ಬೀಲಿದ್ರೆ ನೀನು ಮಾಡಿದ್ದಕ್ಕೇನು ಬೆಲೆ?"

ಆಮೇಲೆ ಯೋಚಿಸಿದೆ. ಸರಿ ಅನ್ನಿಸಿತು. ಪೂರ್ತಿ ಅಲ್ಲ, ಮುಕ್ಕಾಲು.

ಮಾರ್ಚ್ 31, ಸೋಮವಾರ. ತಿ. ನರಸೀಪುರ

ಬೆಳಗಾದ ಮೇಲೆ ಬಂದು ಮಲಗಿ, ಈಗ ಎದ್ದೆ. ಕಣ್ಣು ಉರಿ. ಒಬ್ಬಟ್ಟು ತಿಂದು ಇದನ್ನು ಬರೆಯುತ್ತಿದ್ದೇನೆ.

ರಾತ್ರಿ ವೇದಿಕೆಗೆ ಮಾದು ಬಂದ. ಕಿರೀಟ, ಭುಜಕೀರ್ತಿ, ಅವನೇ ಅಂತ ಗೊತ್ತಾಗಲಿಲ್ಲ. ಅಪ್ಪ ವೇದಿಕೆಯ ಪಕ್ಕದಲ್ಲಿ, ಹೊಸ ಪಂಚೆ, ಹಾರ್ಮೋನಿಯಂ ಮುಂದೆ. ಮೊದಲ ಸಾಲಿಗೇ ಜನ ಮಾತು ನಿಲ್ಲಿಸಿದರು. ಅಪ್ಪ ಎಳೆಯುತ್ತಿದ್ದಲ್ಲೇ ಮಾದು ಎಳೆದ, ಕಡಿಯುತ್ತಿದ್ದಲ್ಲೇ ಕಡಿದ. ಆ ಮೂರನೆಯ ಸಾಲು ಬಂದಾಗ ಅಪ್ಪನ ಎಡಮಂಡಿ ತಾನಾಗಿ ಪಕ್ಕಕ್ಕೆ ಹೋದದ್ದು ನಾನು ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಮಾದು ನಿಲ್ಲದೆ ಹಾಡಿಕೊಂಡು ಹೋದ. ಅಪ್ಪನೂ ಬೆನ್ನು ಹತ್ತಿ ನುಡಿಸಿದ. ಜನ ಒನ್ಸ್‌ಮೋರ್ ಕೂಗಿದರು. ಮಾದು ಅಪ್ಪನ ಕಡೆ ತಿರುಗಿ ಕೈ ಮುಗಿದು ಮತ್ತೆ ಶುರು ಮಾಡಿದ.

ಅವ್ವ ನನ್ನ ತೊಡೆ ಚಿವುಟಿದಳು. "ನಿಮ್ಮಪ್ಪನಂಗೇ ಆಡ್ತಾವ್ನೆ ಕಣೆ." ಹೌದವ್ವ. ಆ ಸಾಲುಗಳು ಅವನ ಗಂಟಲಿಗೆ ಹೋಗಿದ್ದು ನನ್ನ ಪ್ರೋಗ್ರಾಂ ದಾಟಿ. ಯಾರಿಗೂ ಕಾಣಲಿಲ್ಲ, ಪರವಾಗಿಲ್ಲ. ನನಗೆ ಗೊತ್ತು.

ಶಾಲು ಹಾಕಿದರು ಅಪ್ಪನಿಗೆ. ಕುರ್ಚಿಯಲ್ಲಿ ಕೂರಿಸಿ ಅಲ್ಲ. ಹಾರ್ಮೋನಿಯಂ ಬಿಟ್ಟು ಏಳಲ್ಲ ಅಂದ, ಅಲ್ಲಿಗೇ ತಂದು ಹಾಕಿದರು.

ನಾನು ಎದ್ದಾಗ ಅಪ್ಪ ಆಗಲೇ ನುಡಿಸುತ್ತಿದ್ದ. ಕೇಳದ ಮಟ್ಟು. ಯಾವ ನಾಟಕದ್ದು ಅಂದೆ.

"ಮುಂದಿನ ವರ್ಷದ್ದು. ನಿಂಗರಾಜು ಕೇಳವ್ನೆ."

"ಯಾವ ಕ್ಯಾಸೆಟ್ಟಲ್ಲಿದೆ?"

"ಯಾವುದ್ರಲ್ಲೂ ಇಲ್ಲ." ಆಪರೇಷನ್ ಆದ ಮೇಲೆ ಕಟ್ಟಿದ್ದಂತೆ. ಇದೊಂದೇ ಅಲ್ಲ, ಇನ್ನೂ ಇವೆಯಂತೆ. ಎಲ್ಲ ಬೆರಳಲ್ಲೇ ಇವೆ, ಯಾರ ಬಾಯಿಗೂ ಬಂದಿಲ್ಲ. "ಇವುಕ್ಕೆ ದನಿ ಬೇಕು ಕಣವ್ವ. ನೀನು ಆಡು. ನಿನ್ನ ಮಿಷನ್ಗೆ ಆಕ್ಕಳವಾ."

ನಾನಾ? ನನಗೆಲ್ಲಿ ಬರುತ್ತದೆ ಅಂದೆ. ಸ್ಕೂಲಿನ ಪ್ರಾರ್ಥನೆಯಲ್ಲೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವಳು.

ಅಪ್ಪ ಸದ್ದಿಲ್ಲದೆ ನಕ್ಕ. "ಜೀವಮಾನೆಲ್ಲಾ ಬರ್ದೇ ಇರೋರ್ಗೇ ತಾನೇ ನಾನು ಕಲ್ಸಿರೋದು?"

ಲ್ಯಾಪ್‌ಟಾಪು ತೆರೆದಿಟ್ಟಿದ್ದೇನೆ. ಮೈಕು ಕಟ್ಟಿದ್ದೇನೆ. ಮೊದಲ ಸಾಲು ಪಿಸುಗುಟ್ಟಿ ಹೇಳಿದ, ಬರೆದುಕೊಂಡೆ. ಅವ್ವ ಒಗ್ಗರಣೆ ಬಿಟ್ಟು ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಅಪ್ಪ ತುಳಿಯಲು ಶುರು ಮಾಡಿದ. ಪೆನ್ನು ಇಡು ಅಂತ ಸನ್ನೆ ಮಾಡುತ್ತಿದ್ದಾನೆ. ಇಡ್ತೀನಿ ತಡಿಯಪ್ಪ, ಒಂದು ಗುಟುಕು ನೀರು ಕುಡಿದು